ಬಾರ್‌ನ ಪಕ್ಕದಲ್ಲಿಟ್ಟ ನೋಟ್‌ಬುಕ್

ನಾನು ಭಾರ ಎತ್ತುವ ವ್ಯಾಯಾಮವನ್ನು ಆರಂಭಿಸಿದ್ದು 2018ರ ಜೂನ್‌ನಲ್ಲಿ, ಬರೆದಿಡಲು ಆರಂಭಿಸಿದ್ದು 2019ರ ಮಾರ್ಚ್‌ನಲ್ಲಿ. ನಡುವಿನ ಒಂಬತ್ತು ತಿಂಗಳು ಏನು ಮಾಡಿದೆನೆಂಬುದಕ್ಕೆ ನನ್ನಲ್ಲಿ ಯಾವ ಆಧಾರವೂ ಇಲ್ಲ. ಸ್ಕ್ವಾಟ್‌ನಲ್ಲಿ, ಎಂದರೆ ಬಾರ್ ಎಂಬ ಉಕ್ಕಿನ ಸರಳನ್ನು ಹೆಗಲ ಮೇಲೆ ಹೊತ್ತು ಕುಳಿತೇಳುವ ವ್ಯಾಯಾಮದಲ್ಲಿ, 60 ಕೆ.ಜಿ.ಯನ್ನು ಸಲೀಸಾಗಿ ಐದೈದು ರೆಪ್ (ಒಂದು ಸಲ ಮಾಡಿದರೆ ಒಂದು ರೆಪ್) ಮಾಡುತ್ತಿದ್ದೆನೆಂದು ಗಟ್ಟಿಯಾಗಿ ನಂಬಿದ್ದೆ; ಆದರೆ ಮೊದಲ ನೋಟ್‌ಬುಕ್‌ನ ಮೊದಲ ಪುಟದಲ್ಲಿ 52.5 ಕೆ.ಜಿ.ಯ ನಾಲ್ಕನೆಯ ಸೆಟ್ (ಬಿಡುವಿಲ್ಲದೆ ಮಾಡುವ ರೆಪ್‌ಗಳ ಒಂದು ಗುಂಪು) ಮೂರೇ ರೆಪ್‌ಗೆ ನಿಂತಿರುವುದು ನನ್ನದೇ ಕೈಬರಹದಲ್ಲಿದೆ.

ನಮ್ಮ ತಾತ ಮೈಸೂರಿನ ಗರಡಿಯೊಂದರಲ್ಲಿ ಸಾಮು ಮಾಡಿದವರು. ಅವರು ಬಸ್ಕಿಯನ್ನೂ ದಂಡವನ್ನೂ ಬಾಯಲ್ಲೇ ಎಣಿಸುತ್ತಿದ್ದರು, ಎಂದೂ ಬರೆದವರಲ್ಲ. ಅಲ್ಲಿ ಹೊರುವ ಭಾರ ನಮ್ಮ ಮೈಯದೇ ಆದ್ದರಿಂದ ಒಂದು ಸಂಖ್ಯೆ ನೆನಪಿದ್ದರೆ ಸಾಕಾಗುತ್ತಿತ್ತು. ಬಾರ್‌ಬೆಲ್‌ನಲ್ಲಿ ತೂಕ, ಸೆಟ್, ರೆಪ್, ನಡುವಿನ ವಿಶ್ರಾಂತಿ ಹೀಗೆ ನಾಲ್ಕು ಸಂಖ್ಯೆಗಳು ಒಟ್ಟಿಗೆ ಬದಲಾಗುತ್ತವೆ, ಅದೂ ನಾಲ್ಕಾರು ಬಗೆಯ ವ್ಯಾಯಾಮಗಳಲ್ಲಿ. ಇಷ್ಟನ್ನು ನೆನಪಿನಲ್ಲಿಟ್ಟುಕೊಳ್ಳಬಲ್ಲೆನೆಂದು ನಾನು ಈಗ ನಂಬುವುದಿಲ್ಲ.

ನನ್ನದು 200 ಪುಟದ ಸಾಮಾನ್ಯ ಗೆರೆ ಪುಸ್ತಕ. ಎಡಪುಟದಲ್ಲಿ ಅಂದು ಮಾಡಬೇಕಾದದ್ದನ್ನು ಹಿಂದಿನ ರಾತ್ರಿಯೇ ಪೆನ್ಸಿಲ್‌ನಲ್ಲಿ ಬರೆಯುತ್ತೇನೆ. ಬಲಪುಟದಲ್ಲಿ ನಿಜವಾಗಿ ಆದದ್ದನ್ನು ಪೆನ್ನಿನಲ್ಲಿ ಬರೆಯುತ್ತೇನೆ. ಮೇಲ್ತುದಿಯಲ್ಲಿ ದಿನಾಂಕ ಮತ್ತು ಹಿಂದಿನ ರಾತ್ರಿ ಮಲಗಿದ ಗಂಟೆಗಳು. ಅದರ ಕೆಳಗೆ ‘ಸ್ಕ್ವಾಟ್ 80: 5, 5, 5, 4, ಉಳಿಕೆ 0’ ಎಂಬಂತಹ ಸಾಲುಗಳು. ‘ಉಳಿಕೆ’ ಎಂದರೆ ಕೊನೆಯ ಸೆಟ್ಟನ್ನು ನಿಲ್ಲಿಸಿದಾಗ ಇನ್ನೆಷ್ಟು ರೆಪ್ ಮಾಡಬಲ್ಲವನಾಗಿದ್ದೆ ಎಂಬ ಅಂದಾಜು. ಎರಡು ಉಳಿಸಿಕೊಂಡು ಮಾಡಿದ ಐದು ರೆಪ್‌ಗೂ ಹಲ್ಲುಕಚ್ಚಿ ಮಾಡಿದ ಐದು ರೆಪ್‌ಗೂ ಬಹಳ ಅಂತರವಿದೆ. ಈ ಒಂದು ಅಂಕಿಯಿಲ್ಲದಿದ್ದರೆ ಪುಸ್ತಕದಲ್ಲಿ ಎರಡೂ ಒಂದೇ ಆಗಿ ಕಾಣುತ್ತವೆ. ಬರೆಯುವುದು ಸೆಟ್‌ಗಳ ನಡುವಿನ ಮೂರು ನಿಮಿಷದ ವಿಶ್ರಾಂತಿಯಲ್ಲಿಯೇ. ಮನೆಗೆ ಬಂದ ಮೇಲೆ ಬರೆದ ಪುಟಗಳಲ್ಲಿ ಮುಗಿಸದ ಸೆಟ್‌ಗಳು ಮುಗಿದಂತೆ ದಾಖಲಾಗಿದ್ದವು. ಎರಡು ತಿಂಗಳು ಫೋನಿನ ಆ್ಯಪ್ ಬಳಸಿದೆ. ಸೆಟ್‌ಗಳ ನಡುವೆ ಸಂದೇಶಗಳನ್ನು ಓದುವುದೇ ಹೆಚ್ಚಾದ್ದರಿಂದ ಕಾಗದಕ್ಕೆ ಮರಳಿದೆ.

ಈ ಪುಸ್ತಕದ ನಿಜವಾದ ಬೆಲೆ ನನಗೆ ತಿಳಿದದ್ದು 2022ರ ಜನವರಿಯಲ್ಲಿ, ಮನೆ ಬದಲಿಸಿದ್ದರಿಂದ ಜಿಮ್ಮನ್ನೂ ಬದಲಿಸಿದಾಗ. ಹೊಸ ಜಾಗದ ಮೊದಲ ವಾರದಲ್ಲೇ ನನ್ನ ಶಕ್ತಿ ಕುಸಿದಂತೆ ಕಂಡಿತು. ವಯಸ್ಸಾಯಿತೆಂದುಕೊಂಡೆ, ನಿದ್ದೆ ಸಾಲದೆಂದುಕೊಂಡೆ. ಆಮೇಲೆ ಎರಡೂ ಜಿಮ್‌ಗಳ ಪುಟಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದೆ. ಸ್ಕ್ವಾಟ್ 95ರಿಂದ 90ಕ್ಕೆ, ಮಲಗಿ ಎದೆಯ ಮೇಲಿಂದ ಎತ್ತುವ ಬೆಂಚ್ ಪ್ರೆಸ್ 62.5ರಿಂದ 57.5ಕ್ಕೆ, ನಿಂತು ತಲೆಯ ಮೇಲಕ್ಕೆ ಎತ್ತುವ ಓವರ್‌ಹೆಡ್ ಪ್ರೆಸ್ 42.5ರಿಂದ 37.5ಕ್ಕೆ ಇಳಿದಿತ್ತು. ನಾನು ನಿಜವಾಗಿಯೂ ಸೊರಗಿದ್ದರೆ ದೊಡ್ಡ ಭಾರದಲ್ಲಿ ಹೆಚ್ಚು, ಸಣ್ಣ ಭಾರದಲ್ಲಿ ಕಡಿಮೆ ಇಳಿಯಬೇಕಿತ್ತು. ಮೂರರಲ್ಲೂ ಸರಿಯಾಗಿ 5 ಕೆ.ಜಿ. ಇಳಿದಿರುವುದಕ್ಕೆ ಕಾರಣ ಮೈಯಲ್ಲಿರಲಾರದು, ಬಾರ್‌ನಲ್ಲಿಯೇ ಇರಬೇಕು. ಲಗೇಜ್ ತೂಗುವ ಕೊಕ್ಕೆಯ ತಕ್ಕಡಿಯನ್ನು ಹಿಡಿದು ಹಳೆಯ ಜಿಮ್‌ಗೆ ಹೋಗಿ, ಅನುಮತಿ ಕೇಳಿ ತೂಗಿದೆ. ಒಲಿಂಪಿಕ್ ವೇಟ್‌ಲಿಫ್ಟಿಂಗ್ ಸ್ಪರ್ಧೆಗಳಲ್ಲಿ ಪುರುಷರು ಬಳಸುವ ಬಾರ್‌ನ ತೂಕ 20 ಕೆ.ಜಿ., ಮಹಿಳೆಯರದು 15 ಕೆ.ಜಿ. ನಾನು ಮೂರು ವರ್ಷ 20 ಎಂದೇ ಲೆಕ್ಕ ಹಿಡಿದಿದ್ದ ಆ ಬಾರ್ 15 ಕೆ.ಜಿ.ಗೂ ತುಸು ಕಡಿಮೆಯಿತ್ತು. ಮನೆಗೆ ಬಂದು ಹಿಂದಿನ ಅಂಕಿಗಳನ್ನೆಲ್ಲ ಕೆಂಪು ಶಾಯಿಯಲ್ಲಿ ತಿದ್ದಲು ಎರಡು ಭಾನುವಾರಗಳು ಹಿಡಿದವು. ಅಂದಿನಿಂದ ಒಟ್ಟು ತೂಕದ ಜೊತೆಗೆ ಯಾವ ಬಾರ್, ಪ್ರತಿ ಪಕ್ಕಕ್ಕೆ ಯಾವ ಪ್ಲೇಟ್‌ಗಳು ಎಂಬುದನ್ನೂ ಬರೆಯುತ್ತೇನೆ.

ಅದೇ ವರ್ಷ ಓವರ್‌ಹೆಡ್ ಪ್ರೆಸ್ 40 ಕೆ.ಜಿ.ಯಲ್ಲಿ ಹನ್ನೊಂದು ವಾರ ನಿಂತುಬಿಟ್ಟಿತು. ಜಿಮ್‌ನಲ್ಲಿದ್ದ ಅತಿ ಸಣ್ಣ ಪ್ಲೇಟ್ 1.25 ಕೆ.ಜಿ.ಯದು, ಎಂದರೆ ಎರಡೂ ಪಕ್ಕ ಸೇರಿ ಒಮ್ಮೆಗೆ 2.5 ಕೆ.ಜಿ. ಏರಿಸಲೇಬೇಕು. ಸ್ಕ್ವಾಟ್‌ನಲ್ಲಿ 100ರ ಮೇಲೆ ಇದು ಶೇ. 2.5ರ ಏರಿಕೆ, 40ರ ಮೇಲೆ ಶೇ. 6ಕ್ಕೂ ಹೆಚ್ಚು. ಹನ್ನೊಂದು ಸಾಲುಗಳನ್ನು ಒಟ್ಟಿಗೆ ಓದುವವರೆಗೆ ಇದು ನನಗೆ ಹೊಳೆದಿರಲಿಲ್ಲ. ಅರ್ಧ ಕೆ.ಜಿ.ಯ ಎರಡು ಪ್ಲೇಟ್‌ಗಳನ್ನು ಕೊಂಡೆ, ಚೀಲದಲ್ಲಿಟ್ಟುಕೊಂಡೇ ಹೋಗುತ್ತೇನೆ. ಏಳು ತಿಂಗಳಲ್ಲಿ 45 ತಲುಪಿದೆ. 1940ರ ದಶಕದಲ್ಲಿ ಗಾಯಗೊಂಡ ಅಮೆರಿಕನ್ ಸೈನಿಕರಿಗೆ ಹಂತಹಂತವಾಗಿ ಭಾರ ಏರಿಸುವ ಚಿಕಿತ್ಸೆ ನೀಡಿದ ವೈದ್ಯ ಥಾಮಸ್ ಡಿಲೋರ್ಮ್ ಅವರ ವಿಧಾನವೂ ರೋಗಿ ಹತ್ತು ಬಾರಿ ಮಾತ್ರ ಎತ್ತಬಲ್ಲ ಭಾರವನ್ನು ಅಳೆದು, ಅದರಿಂದಲೇ ಉಳಿದದ್ದನ್ನು ಲೆಕ್ಕ ಹಾಕುವುದಾಗಿತ್ತು.

ರೆಪ್ ಬೇರೆ, ತೂಕ ಬೇರೆ ಆದಾಗ ಹೋಲಿಸಲು ತಿಂಗಳಿಗೊಮ್ಮೆ, ಒಂದೇ ಒಂದು ಬಾರಿ ಎತ್ತಬಲ್ಲ ಗರಿಷ್ಠ ಭಾರವನ್ನು ಅಂದಾಜಿಸುವ ಎಪ್ಲಿ ಸೂತ್ರವನ್ನು ಬಳಸುತ್ತೇನೆ: ರೆಪ್‌ಗಳನ್ನು 30ರಿಂದ ಭಾಗಿಸಿ, 1 ಕೂಡಿಸಿ, ತೂಕದಿಂದ ಗುಣಿಸಬೇಕು. 80 ಕೆ.ಜಿ.ಗೆ 5 ರೆಪ್ ಎಂದರೆ ಸುಮಾರು 93. 75ಕ್ಕೆ 7 ರೆಪ್ ಎಂದರೆ 92.5. ಎರಡೂ ಹೆಚ್ಚುಕಡಿಮೆ ಒಂದೇ ಸಾಧನೆ. ಹತ್ತಕ್ಕಿಂತ ಹೆಚ್ಚು ರೆಪ್‌ಗಳಿಗೆ ಈ ಲೆಕ್ಕವನ್ನು ನಾನು ನೆಚ್ಚುವುದಿಲ್ಲ.

2023ರ ನವೆಂಬರ್‌ನಲ್ಲಿ ಬಲಭುಜ ನೋಯತೊಡಗಿತು. ಫಿಸಿಯೋಥೆರಪಿಸ್ಟ್ ಕೇಳಿದ ಮೊದಲ ಪ್ರಶ್ನೆಗಳು ಯಾವಾಗಿನಿಂದ, ಅದಕ್ಕೆ ಮೊದಲು ಏನು ಬದಲಾಯಿತು ಎಂಬವು. ಏನೂ ಬದಲಾಗಿಲ್ಲ ಎನ್ನುವವನಿದ್ದೆ, ಆದರೆ ನೋಟ್‌ಬುಕ್ ಕೈಯಲ್ಲಿತ್ತು. ನೋವಿನ ಮೊದಲ ಟಿಪ್ಪಣಿಗೆ ನಾಲ್ಕು ವಾರ ಹಿಂದೆ, ಕಚೇರಿಯ ಸಮಯ ಬದಲಾದಾಗ, ಓವರ್‌ಹೆಡ್ ಪ್ರೆಸ್ಸನ್ನು ಬೆಂಚ್ ಪ್ರೆಸ್‌ನ ಮರುದಿನಕ್ಕೆ ತಂದಿದ್ದೆ. ಅವರ ಸಲಹೆಯಂತೆ ನಡುವೆ ಎರಡು ದಿನ ಬಿಟ್ಟು, ಭಾರ ಇಳಿಸಿ, ಅವರು ಹೇಳಿಕೊಟ್ಟ ವ್ಯಾಯಾಮಗಳನ್ನು ಮಾಡಿದೆ; ಐದು ವಾರಗಳಲ್ಲಿ ನೋವು ಹೋಯಿತು.

ಮಾಡದ ದಿನಗಳನ್ನೂ ನಾನು ಖಾಲಿ ಬಿಡುವುದಿಲ್ಲ. ‘ಜ್ವರ’, ‘ಊರಿಗೆ’, ‘ದಸರಾ’ ಎಂದು ಕಾರಣ ಬರೆಯುತ್ತೇನೆ. 2020ರಲ್ಲಿ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಜಿಮ್‌ಗಳು ಮುಚ್ಚಿದ್ದಾಗಿನ ಪುಟಗಳ ತುಂಬ ಮಹಡಿಯ ಮೇಲೆ ಮಾಡಿದ ಬಸ್ಕಿಗಳ ಎಣಿಕೆಯಿದೆ. ಮರಳಿ ಬಾರ್ ಹಿಡಿದಾಗ ಮಾರ್ಚ್‌ನ ಭಾರದ ಅರ್ಧದಿಂದ ಆರಂಭಿಸಿ, ಎಂಟು ವಾರಗಳಲ್ಲಿ ಹಳೆಯ ಅಂಕಿಗೆ ಬಂದೆ. ಈಗಲೂ ದೀರ್ಘ ಬಿಡುವಿನ ನಂತರ ಮೊದಲ ದಿನ ಎಷ್ಟು ಹಾಕಬೇಕೆಂದು ತೀರ್ಮಾನಿಸಲು ಆ ಎಂಟು ವಾರಗಳ ಪುಟಗಳನ್ನೇ ತೆರೆಯುತ್ತೇನೆ.