ಬನಶಂಕರಿಯ ಬೆಡ್‌ರೂಮಿನಲ್ಲಿ ನಮ್ಮ ಬ್ಯಾಂಡಿನ ರೆಕಾರ್ಡಿಂಗ್

ನಮ್ಮದು ನಾಲ್ವರ ಕನ್ನಡ ಬ್ಯಾಂಡ್. ಹಾಡುಗಳನ್ನು ಮನೆಯಲ್ಲೇ ರೆಕಾರ್ಡ್ ಮಾಡೋಣ ಅಂದಾಗ ಶುರುವಾದ ಮೊದಲ ಚರ್ಚೆ, ಯಾವ ಮೈಕ್ ತಗೊಳ್ಳೋದು? ನನ್ನ ಕೇಳಿದರೆ ಮೈಕ್ ಆಮೇಲಿನ ಮಾತು. ಯಾವ ರೂಮು, ಎಷ್ಟು ಹೊತ್ತಿಗೆ, ಇದು ಮೊದಲು ತೀರ್ಮಾನವಾಗಬೇಕು.

ಬೆಂಗಳೂರಿನ ಬಾಡಿಗೆ ಮನೆ ಗೊತ್ತಲ್ವಾ? ಬೆಳಗ್ಗೆ ಕಸದ ಆಟೋ ಹಾಡು, ತರಕಾರಿ ಗಾಡಿಯ ಸ್ಪೀಕರ್, ಪಕ್ಕದ ಮನೆ ಕುಕ್ಕರ್ ವಿಷಲ್. ಸಣ್ಣ ಸದ್ದಿಗೂ ಸ್ಪಂದಿಸುವ ಕಂಡೆನ್ಸರ್ ಮೈಕ್ ಇದೆಲ್ಲವನ್ನೂ ನಿಷ್ಠೆಯಿಂದ ಹಿಡಿದುಕೊಡುತ್ತದೆ. ಅದಕ್ಕೇ ನಾವು ಅಷ್ಟು ಸೂಕ್ಷ್ಮವಲ್ಲದ ಡೈನಮಿಕ್ ಮೈಕ್, ಶೂರ್ ಎಸ್‌ಎಂ58, ಆರಿಸಿಕೊಂಡೆವು. ಬಾಯಿಂದ ನಾಲ್ಕು ಬೆರಳು ದೂರ ಇಟ್ಟರೆ ದನಿ ಮುಂದೆ ಬರುತ್ತದೆ, ಬೀದಿ ಹಿಂದೆ ಸರಿಯುತ್ತದೆ. ಹಾಡುವವನ ಬೆನ್ನ ಹಿಂದೆ ದಪ್ಪ ರಜಾಯಿ, ಪಕ್ಕದಲ್ಲಿ ಬಟ್ಟೆ ತುಂಬಿದ ಬೀರು ಬಾಗಿಲು ತೆರೆದೇ ಇರುತ್ತದೆ. ಹೊರಗಿನ ಸದ್ದನ್ನು ಇವು ತಡೆಯುವುದಿಲ್ಲ, ರೂಮಿನೊಳಗಿನ ಗುಂಯ್‌ಗುಡುವಿಕೆ ಮಾತ್ರ ಕಮ್ಮಿಯಾಗುತ್ತದೆ. ಹೊರಗಿನ ಸದ್ದಿಗೆ ಇರೋದು ಒಂದೇ ಮದ್ದು, ರಾತ್ರಿ ಹತ್ತೂವರೆ ಆದಮೇಲೆ ಹಾಡೋದು. ಫ್ಯಾನ್ ಆಫ್. ಏಪ್ರಿಲ್‌ನಲ್ಲಿ ಇದು ಶಿಕ್ಷೆಯೇ.

ಪ, ಫ, ಭ ಬಂದಾಗ ಉಸಿರು ಮೈಕಿಗೆ ಬಡಿಯುತ್ತದೆ. ಮೈಕನ್ನು ತುಟಿಯ ನೇರಕ್ಕಿಡದೆ ಸ್ವಲ್ಪ ಓರೆಯಾಗಿಟ್ಟರೆ ಸಾಕು. ರೆಕಾರ್ಡಿಂಗ್ 24 ಬಿಟ್‌ನಲ್ಲಿ, ಅಂದರೆ ದನಿ ಮೆಲ್ಲಗಿದ್ದರೂ ವಿವರ ಉಳಿಯುವ ಗುಣಮಟ್ಟದಲ್ಲಿ. ಸೊನ್ನೆ ಡೆಸಿಬೆಲ್ ದಾಟಿದರೆ ದನಿ ಒಡೆಯುತ್ತದೆ; ಜೋರು ದನಿ ಮೈನಸ್ 12 ಡೆಸಿಬೆಲ್ ಹತ್ತಿರ ನಿಂತರೆ ಆಯಿತು, ಮೀಟರ್ ಕೆಂಪಾಗಬೇಕೆಂದೇನಿಲ್ಲ.

ಗಿಟಾರ್, ಬಾಸ್ ಎರಡೂ ನೇರ ಇಂಟರ್‌ಫೇಸಿಗೆ, ಅಂದರೆ ವಾದ್ಯ, ಮೈಕುಗಳ ದನಿಯನ್ನು ಕಂಪ್ಯೂಟರಿಗೆ ಕಳಿಸುವ ಡಬ್ಬಿಗೆ. ಆಂಪ್‌ನ (ಗಿಟಾರ್ ಸ್ಪೀಕರ್ ಪೆಟ್ಟಿಗೆಯ) ದನಿಯನ್ನು ಕಂಪ್ಯೂಟರಿನೊಳಗೇ ಸಾಫ್ಟ್‌ವೇರ್ ಹುಟ್ಟಿಸುತ್ತದೆ. ಗುಂಯ್ ಅಂತ ಹಮ್ ಬಂದರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ, ಬಹಳ ಸಲ ಅಲ್ಲೇ ಇರುತ್ತದೆ. ಕೆಳಗಿನ ಮನೆ ಓನರ್ ಆಂಟಿ ಒಂದು ದಿನ "ಏನಪ್ಪಾ, ಬ್ಯಾಂಡ್ ಬಿಟ್‌ಬಿಟ್ರಾ?" ಅಂತ ಕೇಳಿದರು. ಅಷ್ಟು ಸದ್ದಿಲ್ಲದೆ ಗಿಟಾರ್ ಮುಗಿದಿತ್ತು.

ಡ್ರಮ್ಸ್ ಮಾತ್ರ ಮನೆಯಲ್ಲಿ ಆಗದ ಮಾತು. ಮೊದಲು ಮನೆಯಲ್ಲಿ ಕ್ಲಿಕ್ (ತಾಳ ತಪ್ಪದಿರಲು ಟಿಕ್ ಟಿಕ್ ಸದ್ದು) ಹಾಕಿಕೊಂಡು ಗಿಟಾರ್, ಹಾಡು ಒರಟಾಗಿ ಹಿಡಿದೆವು. ಆ ಫೈಲ್ ತಗೊಂಡು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಜಾಮ್ ರೂಮಿಗೆ (ಬ್ಯಾಂಡುಗಳ ಅಭ್ಯಾಸದ ಕೋಣೆಗೆ) ಹೋಗಿ, ಡ್ರಮ್ಮರ್ ಅದನ್ನು ಹೆಡ್‌ಫೋನಿನಲ್ಲಿ ಕೇಳುತ್ತಾ ನುಡಿಸಿದ. ಬುಕ್ ಮಾಡುವ ಮುಂಚೆ ಒಂದು ವಿಷಯ ಕೇಳಿಕೊಳ್ಳಿ: ಅವರ ಮಿಕ್ಸರ್ ಪ್ರತಿ ಮೈಕನ್ನೂ ಬೇರೆ ಬೇರೆ ಟ್ರ್ಯಾಕ್ ಆಗಿ ಕೊಡುತ್ತದಾ? ನಮಗೆ ನಾಲ್ಕು ಮೈಕ್ ಸಾಕಾಯಿತು: ಕಾಲಲ್ಲಿ ಹೊಡೆಯುವ ದೊಡ್ಡ ಡ್ರಮ್ ಕಿಕ್‌ಗೆ ಒಂದು, ಚಟ್ ಅನ್ನುವ ಪುಟ್ಟ ಡ್ರಮ್ ಸ್ನೇರ್‌ಗೆ ಒಂದು, ಮೇಲೆ ಎರಡು. ಮೇಲಿನ ಎರಡೂ ಸ್ನೇರ್‌ನಿಂದ ಸಮ ದೂರದಲ್ಲಿರಬೇಕು, ಕೇಬಲ್ ಹಿಡಿದೇ ಅಳೆಯಬಹುದು. ಶಬ್ದ ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡ್ ಬೇಕು. ದೂರ ಹೆಚ್ಚುಕಮ್ಮಿಯಾದರೆ ಎರಡು ಮೈಕಿನ ಅಲೆಗಳು ಒಂದನ್ನೊಂದು ಕಡಿದು ಸ್ನೇರ್ ಸೊರಗುತ್ತದೆ. ಆಮೇಲೆ ದನಿ ತಿದ್ದುವ ಯಾವ ಪ್ಲಗಿನ್ (ಪುಟ್ಟ ಸಾಫ್ಟ್‌ವೇರ್) ಹಾಕಿದರೂ ಅದು ಪೂರ್ತಿ ಸರಿಹೋಗುವುದಿಲ್ಲ.

ಎಲ್ಲ ಟ್ರ್ಯಾಕ್ ಸೇರಿಸಿ ಹದಮಾಡುವ ಮಿಕ್ಸಿಂಗ್ ರೀಪರ್ ಎಂಬ ಸಾಫ್ಟ್‌ವೇರಿನಲ್ಲಿ. 60 ದಿನ ಪುಕ್ಕಟೆ ಬಳಸಿ ನೋಡಬಹುದು. ಹಾಡಿನ ಟ್ರ್ಯಾಕಿನಲ್ಲಿ 80 ಹರ್ಟ್ಜ್‌ಗಿಂತ ಕೆಳಗಿನದನ್ನು ಕತ್ತರಿಸಿದೆ, ದೂರದ ಬಸ್ಸಿನ ಗುಡುಗುಡು ಅಲ್ಲೇ ಹೋಯಿತು. ಫೋನ್ ಸ್ಪೀಕರಿನಲ್ಲಿ ಬಾಸ್ ಮಾಯವಾಗುತ್ತಿತ್ತು. ವಾಲ್ಯೂಮ್ ಏರಿಸಿ ಉಪಯೋಗವಿಲ್ಲ, ಅಷ್ಟು ತಗ್ಗಿನ ಸ್ವರ ಆ ಪುಟ್ಟ ಸ್ಪೀಕರಿಗೆ ಬರುವುದೇ ಇಲ್ಲ. ಬಾಸ್‌ಗೆ ಸ್ವಲ್ಪ ಸ್ಯಾಚುರೇಷನ್ (ದನಿಯನ್ನು ತುಸು ಒರಟು ಮಾಡುವ ಎಫೆಕ್ಟ್) ಕೊಟ್ಟರೆ ಹಾರ್ಮೋನಿಕ್ಸ್, ಅಂದರೆ ಅದೇ ಸ್ವರದ ಮೇಲಿನ ಕಂಪನಗಳು, ಹುಟ್ಟಿ ಕಿವಿಗೆ ಸಿಗುತ್ತದೆ. ಕೊನೆಯಲ್ಲಿ ಎಲ್ಲವನ್ನೂ ಜೋರು ಮಾಡಿ ಹಿಂಡುವ ಆಸೆ ನಮ್ಮ ಗಿಟಾರಿಸ್ಟನಿಗೆ ಜಾಸ್ತಿ. ಸ್ಪಾಟಿಫೈ ಸಾಮಾನ್ಯವಾಗಿ ಜೋರಾದ ಹಾಡನ್ನು ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಎಷ್ಟು ಜೋರು ಅನ್ನೋದರ ಅಳತೆ) ಸುತ್ತಮುತ್ತ ಇಳಿಸಿಯೇ ನುಡಿಸುತ್ತದೆ ಅಂತ ತೋರಿಸಿದ ಮೇಲೆ ಸುಮ್ಮನಾದ.