ಟಿಟ್ಟಿಭ ಕಲಿಸಿದ ದೂರ

ಮೂರು ವರ್ಷಗಳ ಹಿಂದೆ, ಏಪ್ರಿಲ್ ತಿಂಗಳ ಒಂದು ಭಾನುವಾರ, ದಾವಣಗೆರೆಗೆ ಕುಡಿಯುವ ನೀರು ಕೊಡುವ ಕುಂದವಾಡ ಕೆರೆಯ ಹೊರಬದಿಯ ಗರಸು ನೆಲದಲ್ಲಿ ನನ್ನ ಕಣ್ಣಿಗೆ ಟಿಟ್ಟಿಭದ ಗೂಡೊಂದು ಬಿತ್ತು. ಗೂಡೆಂದರೆ ಕಟ್ಟಿದ್ದೇನೂ ಅಲ್ಲ. ಅಂಗೈಯಗಲದ ತಗ್ಗು, ಅದರ ಅಂಚಿಗೆ ಸಣ್ಣ ಹರಳುಗಳು, ನಡುವೆ ಚೂಪು ತುದಿಗಳನ್ನು ಒಳಮುಖವಾಗಿ ಮಾಡಿಕೊಂಡು ಮಲಗಿದ್ದ ನಾಲ್ಕು ಮೊಟ್ಟೆಗಳು. ಮಣ್ಣಿನ ಬಣ್ಣದ ಮೇಲೆ ಕಪ್ಪು ಮಚ್ಚೆಗಳಿದ್ದ ಅವು ಎಷ್ಟರ ಮಟ್ಟಿಗೆ ನೆಲದೊಂದಿಗೆ ಬೆರೆತಿದ್ದವೆಂದರೆ, ಇನ್ನೊಂದು ಹೆಜ್ಜೆ ಇಟ್ಟಿದ್ದರೆ ನನ್ನ ಕಾಲಡಿಗೇ ಸಿಗುತ್ತಿದ್ದವು.

ಬಳಸಿದ ಕ್ಯಾಮೆರಾ ಮತ್ತು 70–300 ಮಿ.ಮೀ. ಲೆನ್ಸ್ ಕೊಂಡು ಆಗಿನ್ನೂ ಎರಡು ತಿಂಗಳಾಗಿತ್ತು. ಗೂಡಿನಿಂದ ಆರೇಳು ಹೆಜ್ಜೆ ಹಿಂದೆ ಸರಿದು ಹೊಟ್ಟೆಯ ಮೇಲೆ ಮಲಗಿದೆ. ಎರಡೂ ಹಕ್ಕಿಗಳು ಕಿರುಚುತ್ತಾ ನನ್ನ ತಲೆಯ ಮೇಲೆ ಎರಗಿ ಎರಗಿ ಹಾರುತ್ತಿದ್ದವು. ತೆರೆದ ಕೊಕ್ಕು, ಕಣ್ಣಿನ ಮುಂದಿನ ಕೆಂಪು ಚರ್ಮ, ಚಾಚಿದ ಕಾಲು ಎಲ್ಲವೂ ಸ್ಪಷ್ಟವಾಗಿ ಸೆರೆಯಾಗುತ್ತಿರುವುದನ್ನು ಕಂಡು, ಇಷ್ಟು ಬೇಗ ಇಂಥ ಅವಕಾಶ ಸಿಕ್ಕಿತಲ್ಲ ಎಂದು ಹಿಗ್ಗಿ, ಇನ್ನೂರಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದೆ. ಅಷ್ಟರಲ್ಲಿ ಕುರಿಗಳನ್ನು ಹೊಡೆದುಕೊಂಡು ಬಂದ ಅಜ್ಜನೊಬ್ಬ ದೂರದಲ್ಲೇ ನಿಂತು, "ತಮ್ಮಾ, ನೀನು ಎದ್ದು ಹೋಗೋತನಕ ಅದು ತತ್ತಿ ಮ್ಯಾಲೆ ಕುಂದ್ರಲ್ಲ. ಬಿಸಿಲು ನೋಡು ಹೆಂಗೈತಿ" ಎಂದು ಹೇಳಿ, ತನ್ನ ಕುರಿಗಳನ್ನು ಗೂಡಿನಿಂದ ಬಳಸಿ ಹೊಡೆದುಕೊಂಡು ಹೋದ. ಗಡಿಯಾರ ನೋಡಿಕೊಂಡೆ. ನಾನು ಮಲಗಿ ನಲವತ್ತು ನಿಮಿಷಗಳಾಗಿದ್ದವು.

ಎದ್ದು ದೂರದ ಜಾಲಿಮರದ ನೆರಳಿಗೆ ಹೋಗಿ ಕುಳಿತೆ. ಹಕ್ಕಿ ನೇರವಾಗಿ ಗೂಡಿಗೆ ಬರಲಿಲ್ಲ. ನಾಲ್ಕು ಹೆಜ್ಜೆ ಓಡುವುದು, ನಿಲ್ಲುವುದು, ಮೇಯುತ್ತಿರುವಂತೆ ನೆಲಕ್ಕೆ ಕೊಕ್ಕು ತಾಗಿಸುವುದು, ಮತ್ತೆ ಓಡುವುದು, ಹೀಗೆ ಹತ್ತು ನಿಮಿಷ ಕಳೆಯಿತು. ಆಮೇಲೆ ನೀರಿನಂಚಿಗೆ ಹೋಗಿ ಹೊಟ್ಟೆಯ ಗರಿಗಳನ್ನು ತೋಯಿಸಿಕೊಂಡು ಬಂದು, ಮೊಟ್ಟೆಗಳ ಮೇಲೆ ಮೆಲ್ಲಗೆ ಮೈ ಇಳಿಸಿತು. ಬಿರುಬಿಸಿಲಿನಲ್ಲಿ ಟಿಟ್ಟಿಭಗಳು ಮೊಟ್ಟೆಗಳನ್ನು ತಂಪಾಗಿಡುವುದು ಹೀಗೆ. ಕಾವು ಕೊಡುವುದೆಂದರೆ ಬಿಸಿ ಮಾಡುವುದಷ್ಟೇ ಎಂದುಕೊಂಡಿದ್ದ ನನಗೆ, ಆ ಒದ್ದೆ ಗರಿಗಳನ್ನು ಕಂಡಾಗ ನಲವತ್ತು ನಿಮಿಷಗಳ ಬೆಲೆ ಏನೆಂದು ತಿಳಿಯಿತು. ಜಾಲಿಮರದ ಕೆಳಗಿನಿಂದ ತೆಗೆದ ಚಿತ್ರದಲ್ಲಿ ಹಕ್ಕಿ ಹೆಬ್ಬೆರಳಿನ ಉಗುರಿನಷ್ಟಿದೆ. ಅದನ್ನು ಉಳಿಸಿಕೊಂಡು ಉಳಿದ ಇನ್ನೂರನ್ನೂ ಆ ರಾತ್ರಿಯೇ ಅಳಿಸಿದೆ. ಅವುಗಳಲ್ಲಿದ್ದದ್ದು ನಾನೇ ಹುಟ್ಟಿಸಿದ ಭಯ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನು ಓದಿದ್ದು ಆ ಬಳಿಕ. ಅದರಲ್ಲಿ ಬೇಟೆ ಎಂಬ ಪದಕ್ಕೆ ಕೊಟ್ಟಿರುವ ಅರ್ಥದೊಳಗೆ ಕಾಡುಹಕ್ಕಿಗಳ ಮೊಟ್ಟೆಗಳಿಗೆ, ಗೂಡುಗಳಿಗೆ ತೊಂದರೆ ಕೊಡುವುದೂ ಸೇರಿದೆ. ಪ್ರಾಣಿಗಳನ್ನು ಅಟ್ಟುವುದು, ಆಮಿಷ ಒಡ್ಡಿ ಸೆಳೆಯುವುದು ಕೂಡ ಸೇರಿದೆ. ಹವ್ಯಾಸಿ ಛಾಯಾಗ್ರಾಹಕರು ಕ್ಯಾಮೆರಾದ ಕೈಪಿಡಿಗಿಂತ ಮೊದಲು ಈ ಸಾಲುಗಳನ್ನು ಓದಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಎಷ್ಟು ಅಡಿ ದೂರವಿರಬೇಕೆಂದು ಕೇಳುವವರಿಗೆ ನಾನು ಅಳತೆ ಹೇಳುವುದಿಲ್ಲ, ಏಕೆಂದರೆ ಅದನ್ನು ಹಕ್ಕಿಯೇ ಹೇಳುತ್ತದೆ. ಮೇಯುತ್ತಿದ್ದ ಬೆಳ್ಳಕ್ಕಿ ಕತ್ತನ್ನು ನೆಟ್ಟಗೆ ಮಾಡಿ ನಿಂತರೆ, ನಾಮದ ಕೋಳಿಗಳ ಗುಂಪು ಸದ್ದಿಲ್ಲದೆ ನಡುನೀರಿನ ಕಡೆಗೆ ಸರಿಯತೊಡಗಿದರೆ, ನಾನು ಆಗಲೇ ಹತ್ತಿರ ಬಂದಾಗಿದೆ ಎಂದು ತಿಳಿದು ಹಿಂದೆ ಸರಿಯಬೇಕು. ಹಾರುವ ಮುನ್ನಿನ ಈ ಸೂಚನೆಗಳನ್ನು ಗುರುತಿಸಲು ನನಗೆ ಒಂದು ಮಳೆಗಾಲ, ಒಂದು ಚಳಿಗಾಲ ಬೇಕಾಯಿತು. ಈಗ ನಾನು ಹಕ್ಕಿಯ ಬಳಿಗೆ ಹೋಗುವುದಕ್ಕಿಂತ, ಬೆಳಕು ಹರಿಯುವ ಮೊದಲೇ ಹೋಗಿ ಸೂರ್ಯನನ್ನು ಬೆನ್ನಿಗೆ ಮಾಡಿಕೊಂಡು ದಡದಲ್ಲಿ ಕುಳಿತುಬಿಡುತ್ತೇನೆ. ಕುಳಿತವನಿಗೆ ಒಗ್ಗಿಕೊಂಡ ಹಕ್ಕಿಗಳು ತಾವಾಗಿಯೇ ಹತ್ತಿರ ಮೇಯುತ್ತಾ ಬರುತ್ತವೆ, ಮತ್ತು ನೆಲಮಟ್ಟದಿಂದ ತೆಗೆದ ಚಿತ್ರದಲ್ಲಿ ಅವುಗಳ ಕಣ್ಣು ನಮ್ಮ ಕಣ್ಣಿನ ನೇರಕ್ಕೆ ಸಿಗುತ್ತದೆ. ಹಾರುವ ಹಕ್ಕಿಗೆ ಷಟರ್ ವೇಗ ಸೆಕೆಂಡಿನ 1/1000 ಭಾಗಕ್ಕಿಂತ ನಿಧಾನವಾಗದಂತೆ ನೋಡಿಕೊಂಡು ಐಎಸ್‌ಒವನ್ನು, ಅಂದರೆ ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕೆಂಬ ಹೊಂದಾಣಿಕೆಯನ್ನು, ಕ್ಯಾಮೆರಾಕ್ಕೇ ಬಿಡುತ್ತೇನೆ. ಫ್ಲ್ಯಾಶ್ ಬಳಸುವುದಿಲ್ಲ, ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದಿಲ್ಲ. ಗೂಡಿನ ಚಿತ್ರ ತೆಗೆಯುವುದನ್ನೇ ಬಿಟ್ಟಿದ್ದೇನೆ. ಮೊಬೈಲಿನಲ್ಲಿ ತೆಗೆದ ಚಿತ್ರದೊಳಗೆ ಸ್ಥಳದ ವಿವರ ಅಡಗಿರಬಹುದಾದ್ದರಿಂದ, ಹಂಚುವ ಮುನ್ನ ಅದನ್ನು ತೆಗೆದುಹಾಕುತ್ತೇನೆ.

ಕಳೆದ ಬೇಸಿಗೆಯಲ್ಲಿ ಅರಣ್ಯ ಇಲಾಖೆಯ ಅನುಮತಿ ಪಡೆದು, ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕೊಂಡುಕುರಿ ವನ್ಯಜೀವಿ ಧಾಮಕ್ಕೆ ಹೋಗಿದ್ದೆ. ಕೊಂಡುಕುರಿ ಹುಲ್ಲೆಯ ಜಾತಿಯ ನಾಚಿಕೆಯ ಪ್ರಾಣಿ. ಗಂಡಿಗೆ ಮಾತ್ರ ನಾಲ್ಕು ಕೊಂಬುಗಳು, ಮುಂದಿನ ಎರಡು ಗಿಡ್ಡ. ಅದಕ್ಕೆ ಆಗಾಗ ನೀರು ಕುಡಿಯದೆ ಆಗುವುದಿಲ್ಲವಾದ್ದರಿಂದ, ನೀರಿನ ಗುಂಡಿಯ ಪಕ್ಕ ಅಡಗಿ ಕುಳಿತರೆ ಚಿತ್ರ ಸಿಗುವುದು ಸುಲಭವೆಂದು ಜೊತೆಗಿದ್ದ ಗೆಳೆಯರು ಆಸೆ ತೋರಿಸಿದರು. ನನ್ನ ವಾಸನೆ ಹಿಡಿದು ಅದು ಬಾಯಾರಿಕೊಂಡೇ ಹಿಂದಿರುಗಿದರೆ ಎಂಬ ಯೋಚನೆ ಬಂದು, ಆ ದಿಕ್ಕಿಗೇ ಹೋಗಲಿಲ್ಲ. ಸಂಜೆ ಮರಳುವಾಗ ದಾರಿಯಿಂದ ಸಾಕಷ್ಟು ದೂರದಲ್ಲಿ ಹೆಣ್ಣು ಕೊಂಡುಕುರಿಯೊಂದು ಕಂಡಿತು. ಜೀಪಿನ ಎಂಜಿನ್ ನಿಲ್ಲಿಸಿದೆವು. ಅದು ಮುಂಗಾಲೊಂದನ್ನು ಎತ್ತಿಕೊಂಡು, ಎರಡೂ ಕಿವಿಗಳನ್ನು ನಮ್ಮತ್ತ ತಿರುಗಿಸಿ ನಿಂತಿತ್ತು. ಕ್ಯಾಮೆರಾವನ್ನು ತೊಡೆಯ ಮೇಲೆಯೇ ಇಟ್ಟುಕೊಂಡು ಕಾದೆ. ಕಾಲು ಕೆಳಗಿಳಿಯಿತು, ಒಂದು ಕಿವಿ ಹಿಂದಕ್ಕೆ ತಿರುಗಿತು, ಕೊನೆಗೆ ತಲೆ ತಗ್ಗಿಸಿ ಹುಲ್ಲಿಗೆ ಬಾಯಿ ಹಾಕಿತು. ಎರಡು ಚಿತ್ರ ತೆಗೆದೆ. ಮೂರನೆಯದಕ್ಕೆ ಮೊದಲೇ ಅದು ಕುರುಚಲು ಗಿಡಗಳ ಮರೆಗೆ ಹೋಯಿತು. ಓಡಲಿಲ್ಲ, ಮೇಯುತ್ತಲೇ ನಡೆದು ಹೋಯಿತು.