ಆಸ್ಕರ್ ರಾತ್ರಿಗೆ ಮೊದಲು ಪಟ್ಟಿ ಮುಗಿಸುವ ಬಗೆ

ಆಸ್ಕರ್ ನಾಮಿನೇಷನ್ ಪಡೆದ ಚಿತ್ರಗಳನ್ನೆಲ್ಲ ಸಮಾರಂಭಕ್ಕೆ ಮೊದಲೇ ನೋಡಿ ಮುಗಿಸುವುದು ಇಲ್ಲಿನ ಗುರಿ. ನಾಮಿನೇಷನ್ ಪ್ರಕಟವಾದ ಕೂಡಲೇ ಹೆಚ್ಚಿನವರು ಅತ್ಯುತ್ತಮ ಚಿತ್ರ ವಿಭಾಗದ ಹತ್ತು ಹೆಸರು ಹಿಡಿದು ಕೂರುತ್ತಾರೆ. ನಾನು ಅವನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಅವು ಥಿಯೇಟರಿನಲ್ಲೋ ಓಟಿಟಿಯಲ್ಲೋ ಹೇಗೂ ಸಿಗುತ್ತವೆ. ಕೈಕೊಡುವುದು ಒಂದೇ ನಾಮಿನೇಷನ್ ಪಡೆದ ಚಿತ್ರಗಳು.

ಮೊದಲು ಗಂಟೆಗಳ ಲೆಕ್ಕ. ವರ್ಷಕ್ಕೆ ಸುಮಾರು 50 ಚಿತ್ರ, ಅದರಲ್ಲಿ 15 ಕಿರುಚಿತ್ರ. ಉಳಿದ 35ಕ್ಕೆ ತಲಾ ಎರಡು ಗಂಟೆಯಂತೆ 70 ಗಂಟೆ. ಕಿರುಚಿತ್ರ 40 ನಿಮಿಷ ಮೀರುವಂತಿಲ್ಲ, ಹಾಗಾಗಿ ಅವಕ್ಕೆ ಹೆಚ್ಚೆಂದರೆ 10 ಗಂಟೆ. 2024ರಲ್ಲಿ ಪಟ್ಟಿ ಜನವರಿ 23ಕ್ಕೆ ಬಂದು ಸಮಾರಂಭ ಮಾರ್ಚ್ 10ಕ್ಕಿತ್ತು. ವಾರಕ್ಕೆ 12 ಗಂಟೆ ಸಾಕಾಗುತ್ತಿತ್ತು. 2025ರಲ್ಲೂ ಪಟ್ಟಿ ಬಂದದ್ದು ಜನವರಿ 23ಕ್ಕೇ, ಆದರೆ ಸಮಾರಂಭ ಮಾರ್ಚ್ 2ಕ್ಕೆ. ವಾರಕ್ಕೆ 15 ಗಂಟೆ ಬೇಕಾಯಿತು. ಆದ್ದರಿಂದ ಡಿಸೆಂಬರಿನಲ್ಲಿ ಶಾರ್ಟ್‌ಲಿಸ್ಟ್ (ನಾಮಿನೇಷನ್‌ಗೆ ಮೊದಲಿನ ಆಯ್ದ ಪಟ್ಟಿ) ಬಂದಾಗಲೇ ಶುರು ಮಾಡುವುದು ಕ್ಷೇಮ. ವಿದೇಶಿ ಚಿತ್ರ, ಸಾಕ್ಷ್ಯಚಿತ್ರ ಎರಡರಲ್ಲೂ ಆಗ 15 ಹೆಸರಿರುತ್ತವೆ. ಎಲ್ಲವನ್ನೂ ನೋಡಬೇಕಿಲ್ಲ, ಆಗಲೇ ಸುಲಭವಾಗಿ ಸಿಗುವವನ್ನು ನೋಡಿಟ್ಟರೆ ಸಾಕು.

ಸ್ಪ್ರೆಡ್‌ಶೀಟಿನಲ್ಲಿ ಸಾಲಿಗೊಂದು ಚಿತ್ರ. ಕಾಲಂಗಳಲ್ಲಿ ವಿಭಾಗಗಳು, ಅವಧಿ, ಎಲ್ಲಿ ಸಿಗುತ್ತದೆ, ಎಂದಿನವರೆಗೆ ಸಿಗುತ್ತದೆ. ಪ್ರತಿ ವಿಭಾಗದ ಅಡಿಯಲ್ಲಿ ‘ಬಾಕಿ ಎಷ್ಟು’ ಎಂಬ ಎಣಿಕೆ. ಮುಂದೆ ಏನು ನೋಡಬೇಕೆಂದು ತೀರ್ಮಾನಿಸುವುದು ಅದೇ. ಹತ್ತು ನಾಮಿನೇಷನ್ ಪಡೆದ ಚಿತ್ರ ನೋಡಿದರೆ ಹತ್ತು ಕಾಲಂ ತುಂಬುತ್ತವೆ ನಿಜ, ಆದರೆ ಮೇಕಪ್‌ಗೆ ಮಾತ್ರ, ಹಾಡಿಗೆ ಮಾತ್ರ ಬಂದ ಒಂಟಿ ಚಿತ್ರ ನೋಡದೆ ಆ ವಿಭಾಗ ಮುಗಿಯುವುದಿಲ್ಲ. ಹಾಡಿನ ವಿಭಾಗದಲ್ಲಿ ಗೀತರಚನೆಕಾರ್ತಿ ಡಯಾನ್ ವಾರನ್ ಹೆಸರು ಕಂಡರೆ ಬಹುಮಟ್ಟಿಗೆ ಅಂಥ ಒಂಟಿ ಚಿತ್ರವೊಂದು ಕಾದಿದೆ ಎಂದೇ ತಿಳಿಯಿರಿ.

ಅತಿ ಕಷ್ಟದವು ವಿದೇಶಿ ಚಿತ್ರ ಮತ್ತು ಸಾಕ್ಷ್ಯಚಿತ್ರ. ವಿದೇಶಿ ವಿಭಾಗಕ್ಕೆ ಅಮೆರಿಕದಲ್ಲಿ ಬಿಡುಗಡೆಯಾಗಿರಬೇಕೆಂಬ ನಿಯಮವಿಲ್ಲ, ಹಾಗಾಗಿ ಕೆಲವು ತೆರೆಗೆ ಬರುವುದೇ ನಾಮಿನೇಷನ್ ನಂತರ. ಸಾಕ್ಷ್ಯಚಿತ್ರಕ್ಕೆ ವಿತರಕರೇ ಇಲ್ಲದಿರಬಹುದು. 2025ರಲ್ಲಿ ಗೆದ್ದ ‘ನೋ ಅದರ್ ಲ್ಯಾಂಡ್’ಗೆ ಅಮೆರಿಕದಲ್ಲಿ ವಿತರಕರಿರಲಿಲ್ಲ. ಇಂಥವು ಊರಿನ ಯಾವುದಾದರೂ ಥಿಯೇಟರಿನಲ್ಲಿ ಒಂದು ವಾರವಿದ್ದರೆ ಮಿಕ್ಕಿದ್ದೆಲ್ಲ ಬಿಟ್ಟು ಹೋಗಬೇಕು.

ಕಿರುಚಿತ್ರಗಳು ಕಾಣುವಷ್ಟು ಕಷ್ಟವಲ್ಲ. ಸಾಕ್ಷ್ಯ ಕಿರುಚಿತ್ರಗಳಲ್ಲಿ ನ್ಯೂಯಾರ್ಕರ್, ನ್ಯೂಯಾರ್ಕ್ ಟೈಮ್ಸ್‌ನಂಥ ಪತ್ರಿಕೆಗಳವು ಯೂಟ್ಯೂಬಿನಲ್ಲಿ ಉಚಿತವಾಗಿ ಸಿಗುತ್ತವೆ. ಕಿರುಚಿತ್ರಗಳ ಮೂರು ವಿಭಾಗಗಳೂ (ಕಥಾಚಿತ್ರ, ಅನಿಮೇಷನ್, ಸಾಕ್ಷ್ಯಚಿತ್ರ) ಥಿಯೇಟರಿಗೆ ಪ್ರತ್ಯೇಕ ಕಂತೆಗಳಾಗಿ ಬರುತ್ತವೆ. ಅನಿಮೇಷನ್ ಐದನ್ನು ಒಂದೇ ಕೂರಿಕೆಯಲ್ಲಿ ನೋಡಬಹುದು. ಸಾಕ್ಷ್ಯಚಿತ್ರ ಐದನ್ನು ಹಾಗೆ ನೋಡಬೇಡಿ: ಯುದ್ಧ, ಜೈಲು, ಸಾವು ಸಾಲಾಗಿ ಬಂದಾಗ ನಾಲ್ಕನೆಯದಕ್ಕೆ ಸಲ್ಲಬೇಕಾದ ಗಮನ ಸಿಗುವುದಿಲ್ಲ.

ಓಟಿಟಿ ಚಂದಾಗಳನ್ನು ಒಟ್ಟಿಗೆ ಕಟ್ಟಬಾರದು. ಒಂದು ತಿಂಗಳು ಒಂದು ವೇದಿಕೆ, ಅದರಲ್ಲಿರುವುದೆಲ್ಲ ಮುಗಿಸಿ ರದ್ದು, ನಂತರ ಇನ್ನೊಂದು. ಹೊಸದಾಗಿ ಬಾಡಿಗೆಗೆ ಬಂದ ಚಿತ್ರದ ದರ ಕೆಲವು ವಾರಗಳಲ್ಲಿ ಸಾಮಾನ್ಯವಾಗಿ ಇಳಿಯುತ್ತದೆ. ದೊಡ್ಡ ಹತ್ತನ್ನು ತಡವಾಗಿ ನೋಡುವುದರ ಇನ್ನೊಂದು ಲಾಭ ಇದು.

ನೋಡುವ ಮೊದಲು ಟಿವಿಯ ಮೋಷನ್ ಸ್ಮೂತಿಂಗ್ (ಚಲನೆಯನ್ನು ಕೃತಕವಾಗಿ ನಯಗೊಳಿಸುವ ಸೆಟ್ಟಿಂಗ್) ಆಫ್ ಮಾಡಿ. ಇಲ್ಲದಿದ್ದರೆ ಛಾಯಾಗ್ರಹಣ ಧಾರಾವಾಹಿಯಂತೆ ಕಾಣುತ್ತದೆ. ನೈಟ್ ಮೋಡ್ ಜೋರು ಸದ್ದನ್ನು ತಗ್ಗಿಸಿ ಮೆಲುದನಿಯನ್ನು ಏರಿಸುವುದರಿಂದ ಸೌಂಡ್ ವಿಭಾಗದ ಚಿತ್ರಗಳಿಗೆ ಅದೂ ಬೇಡ, ಒಳ್ಳೆಯ ಹೆಡ್‌ಫೋನ್ ಇರಲಿ. ಆಟೋಪ್ಲೇ ಕೂಡ ಆಫ್ ಆಗಿರಲಿ. ನಾಮಿನೇಟ್ ಆದ ಹಾಡು ಎಷ್ಟೋ ಸಲ ಕೊನೆಯ ಟೈಟಲ್‌ಗಳ ಮೇಲೆ ಬರುತ್ತದೆ, ಆಪ್ ಅಷ್ಟರಲ್ಲಿ ಮುಂದಿನ ಚಿತ್ರಕ್ಕೆ ಹಾರಿರುತ್ತದೆ.

ಕೊನೆಯ ವಾರ ಏಳೆಂಟು ಉಳಿದರೆ ಅಲ್ಲೊಂದು ಇಲ್ಲೊಂದು ಹೆಕ್ಕಬೇಡಿ. ಬಾಕಿ ಎಣಿಕೆ ಒಂದು ಅಥವಾ ಎರಡು ಇರುವ ವಿಭಾಗಗಳನ್ನು ಮುಗಿಸಿ, ಮೂರು ಅಥವಾ ಅದಕ್ಕಿಂತ ಹೆಚ್ಚು ಬಾಕಿ ಇರುವುದನ್ನು ಪೂರ್ತಿ ಕೈಬಿಡಿ. ಐದರಲ್ಲಿ ಎರಡು ನೋಡಿದವರು ಯಾರು ಗೆಲ್ಲಬೇಕಿತ್ತೆಂದು ವಾದಿಸಲಾರರು. 98ನೇ ಪ್ರಶಸ್ತಿಯಿಂದ (2026) ಆಸ್ಕರ್ ಕೊಡುವ ಅಕಾಡೆಮಿಯೂ ತನ್ನ ಸದಸ್ಯರಿಗೆ ಇದೇ ಕಟ್ಟುಪಾಡು ಹಾಕಿದೆ: ಅಂತಿಮ ಸುತ್ತಿನಲ್ಲಿ ಒಂದು ವಿಭಾಗಕ್ಕೆ ಮತ ಹಾಕಲು ಅದರ ಎಲ್ಲ ಚಿತ್ರಗಳನ್ನೂ ನೋಡಿರಬೇಕು.